ಇಕೋ ರಿಪೋರ್ಟ್ ಸುಧಾರಿಸಿದ್ರೂ ಅಪ್ಪಂಗೆ ಸುಸ್ತು ಯಾಕೆ ಹೋಗ್ತಿಲ್ಲ?

ಅಪ್ಪಂಗೆ 72, ಹಾರ್ಟ್ ಫೇಲ್ಯೂರ್‌ಗೆ ಮಾತ್ರೆ ನಡೀತಿದೆ, ಇಕೋದಲ್ಲಿ, ಅಂದ್ರೆ ಹೃದಯದ ಸ್ಕ್ಯಾನಲ್ಲಿ, ಪಂಪಿಂಗ್ 30 ಪರ್ಸೆಂಟ್ ಇದ್ದಿದ್ದು 45ಕ್ಕೆ ಬಂದಿದೆ, ಆದ್ರೂ ಬಚ್ಚಲಿಗೆ ಹೋಗಿ ಬರೋಷ್ಟರಲ್ಲಿ ಏದುಸಿರು ಬಿಡ್ತಾರೆ ಅಂತ ಕೇಳಿದೀರ. ನಾನು ತುಮಕೂರಲ್ಲಿ ಫಿಸಿಯೋಥೆರಪಿಸ್ಟು. ಡಾಕ್ಟ್ರು ರಕ್ತ ಕಮ್ಮಿ ಇದ್ಯಾ, ಥೈರಾಯ್ಡ್ ಏನಾದ್ರೂ ಇದ್ಯಾ ಅಂತ ನೋಡಿ ಆಗಿದ್ರೆ, ಒಂದ್ಸಲ ಅಪ್ಪನ ತೊಡೆ ನೋಡಿ.

ಇಕೋ ನಂಬರ್ರು ಸುಮ್ನೆ ಮಲಗಿದ್ದಾಗ ಹೃದಯ ತನ್ನಲ್ಲಿ ತುಂಬಿದ ರಕ್ತದಲ್ಲಿ ಒಂದೊಂದು ಬಡಿತಕ್ಕೆ ಎಷ್ಟು ಪರ್ಸೆಂಟ್ ತಳ್ಳುತ್ತೆ ಅಂತ ಹೇಳುತ್ತೆ ಅಷ್ಟೇ, ಎಷ್ಟು ದೂರ ನಡೀಬಹುದು ಅಂತ ಅದ್ರಿಂದ ಗೊತ್ತಾಗಲ್ಲ. ಈ ಕಾಯಿಲೇಲಿ ಕೈಕಾಲಿನ ಖಂಡಾನೂ ಕೆಡುತ್ತೆ, ಬೇಗ ದಣಿಯದೇ ಇರೋ ನಾರುಗಳು ಕಮ್ಮಿ ಆಗ್ತಾವೆ, ಜೀವಕೋಶಕ್ಕೆ ಶಕ್ತಿ ತಯಾರು ಮಾಡೋ ಮೈಟೋಕಾಂಡ್ರಿಯಾ ಕಮ್ಮಿ ಆಗುತ್ತೆ, ಹೃದಯ ರಕ್ತ ಕಳ್ಸಿದ್ರೂ ಅದರಲ್ಲಿರೋ ಆಕ್ಸಿಜನ್ ಬಳಸ್ಕೊಳ್ಳೋಕೆ ಖಂಡಕ್ಕೆ ತಾಕತ್ತಿರಲ್ಲ, ಇನ್ನೊಂದು ಕಡೆ ಸೋತ ಖಂಡ ಒಂಚೂರು ಕೆಲಸ ಬಿದ್ರೂ ಮೆದುಳಿಗೆ ಸಿಗ್ನಲ್ ಕಳ್ಸಿ ಉಸಿರಾಟ ಜೋರು ಮಾಡ್ಸುತ್ತೆ. ಅದಕ್ಕೇ ಕಾಲಿನ ತೊಂದ್ರೆ ದಮ್ಮಿನ ಥರ ಕಾಣೋದು. ಆಂಡ್ರ್ಯೂ ಕೋಟ್ಸ್ ಅನ್ನೋ ಹೃದ್ರೋಗ ತಜ್ಞರು 1990ರ ದಶಕದಲ್ಲೇ ಇದನ್ನ ಹೇಳಿದ್ರು, ನಮ್ ಕಡೆ ಇನ್ನೂ "ಹಾರ್ಟ್ ಪೇಷಂಟು, ಅಲ್ಲಾಡ್ಬೇಡಿ" ಅಂತ ಮಂಚಕ್ಕೇ ಕಾಫಿ ತಂದ್ಕೊಡ್ತಾರೆ. ಮೊದಲೇ ವಯಸ್ಸು 30 ದಾಟಿದ ಮೇಲೆ 10 ವರ್ಷಕ್ಕೆ 3ರಿಂದ 8 ಪರ್ಸೆಂಟ್ ಖಂಡ ಕರಗುತ್ತೆ, 60 ಆದ್ಮೇಲೆ ಇನ್ನೂ ಜಾಸ್ತಿ.

ತೂಕ ಇಳಿದಿಲ್ಲ ಅಂತ ನಂಬ್ಕೊಂಡು ಕೂರ್ಬೇಡಿ. ಇಲ್ಲಿದ್ದ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ರಿಟೈರ್ ಆದ ಒಬ್ರು ಬರ್ತಿದ್ರು, ತೂಕ ಮೊದಲಿನಷ್ಟೇ, ಆದ್ರೆ ಸ್ಟೀಲ್ ಚೈನಿನ ವಾಚು ಮುಂಗೈಯಿಂದ ಜಾರಿ ಮೊಣಕೈ ಹತ್ರ ಹೋಗೋದು, ಕೆಳಗೆ ಕಣಕಾಲ ಹತ್ರ ಬೆರಳಲ್ಲಿ ಒತ್ತಿದ್ರೆ ಗುಳಿ ಬೀಳೋದು. ಖಂಡ ಹೋದ ಜಾಗದ ಲೆಕ್ಕನ ನೀರು ತುಂಬಿತ್ತು.

ಮನೇಲೇ ನೋಡ್ಬೇಕು ಅಂದ್ರೆ, ಅಪ್ಪ ಕೈ ಕಟ್ಕೊಂಡು ಕುರ್ಚಿಯಿಂದ 5 ಸಲ ಎದ್ದು ಕೂರ್ಲಿ, ನೀವು ಪಕ್ಕದಲ್ಲೇ ನಿಂತಿರಿ. 12 ಸೆಕೆಂಡ್ ಅಥ್ವಾ ಅದಕ್ಕಿಂತ ಜಾಸ್ತಿ ಹಿಡಿದ್ರೆ ಖಂಡ ಸೋತಿರಬಹುದು, ಏಷ್ಯಾದವರಿಗೆ ಅಂತ 2019ರಲ್ಲಿ ಮಾಡಿದ ಅಳತೆ ಇದು. ವ್ಯಾಯಾಮಾನೂ ಅದೇ ಕುರ್ಚಿಯಿಂದ ಶುರು ಮಾಡ್ಬಹುದು, ಕಾರ್ಡಿಯಾಲಜಿಸ್ಟ್ ಹೂಂ ಅಂದ್ಮೇಲೆ. ಅಮಾನಿಕೆರೆ ಸುತ್ತ ವಾಕಿಂಗ್ ಆಮೇಲೆ ನೋಡೋಣ. ಅಮೆರಿಕದಲ್ಲಿ ಹಾರ್ಟ್ ಫೇಲ್ಯೂರಿಂದ ಅಡ್ಮಿಟ್ ಆಗಿದ್ದ, 60 ದಾಟಿದ 349 ಜನರ ಸ್ಟಡಿ 2021ರಲ್ಲಿ ಬಂತು, ಬಲ, ಬ್ಯಾಲೆನ್ಸು, ನಡಿಗೆ ಎಲ್ಲಾ ಸೇರಿಸಿ ಮಾಡ್ಸಿದ್ರೆ 3 ತಿಂಗಳಲ್ಲಿ ಓಡಾಟ ಸುಧಾರಿಸ್ತು, ಮತ್ತೆ ಆಸ್ಪತ್ರೆ ಸೇರೋದು ಮಾತ್ರ ಕಮ್ಮಿ ಆಗ್ಲಿಲ್ಲ. ನನಗೆ ಅಷ್ಟು ಸಿಕ್ಕಿದ್ರೂ ದೊಡ್ಡದೇ.

ಕಾಲು ಊದ್ಕೊಂಡು 2-3 ದಿನದಲ್ಲಿ 2 ಕೆಜಿ ಏರಿದ್ರೆ ಅಥ್ವಾ ಎದೆ ನೋವು, ತಲೆ ಸುತ್ತು ಬಂದ್ರೆ ವ್ಯಾಯಾಮ ಬಿಟ್ಟು ಮೊದ್ಲು ಡಾಕ್ಟ್ರ ಹತ್ರ ಹೋಗಿ. ಊಟಕ್ಕೆ ಬರೀ ಮುದ್ದೆ ತಿಳಿಸಾರು ಸಾಲಲ್ಲ, ಹುರುಳಿ, ಅವರೆಕಾಳು, ಮೊಟ್ಟೆ, ಮೊಸರು ಇರ್ಲಿ, ಉಪ್ಪಿನಕಾಯಿ ಬೇಡ. ಪ್ರೋಟೀನ್ ಪೌಡರ್ ಡಬ್ಬ ಕೊಳ್ಳೋಕೆ ಮುಂಚೆ ಕ್ರಿಯಾಟಿನೈನ್ ರಿಪೋರ್ಟ್ ತೋರ್ಸಿ, ಕಿಡ್ನಿ ವೀಕ್ ಇದ್ರೆ ಲೆಕ್ಕನೇ ಬೇರೆ ಆಗುತ್ತೆ.