ನನ್ನ ಅಜ್ಜಿ ಅವರ ಕ್ಯಾಲೆಂಡರ್‌ನಲ್ಲಿ!

ಪ್ರಶ್ನೆ: ನಾನು ಟ್ಯಾಬ್‌ನಲ್ಲಿ ಚಿತ್ರ ಬಿಡಿಸುತ್ತೇನೆ. ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಇಳಕಲ್ ಸೀರೆ ಉಟ್ಟು ಕೂತ ಅಜ್ಜಿಯ ಚಿತ್ರ ಮಾಡಿ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದ್ದೆ. ಈಗ ಅದು ಒಂದು ಅಂಗಡಿಯ ಕ್ಯಾಲೆಂಡರ್ ಮೇಲಿದೆ, ನನ್ನ ಸಹಿ ಇದ್ದ ಮೂಲೆ ಕತ್ತರಿಸಿದ್ದಾರೆ. ಕೇಳಿದರೆ ‘ನೆಟ್‌ನಲ್ಲಿ ಸಿಕ್ತು, ನಿಮ್ಮದೇ ಅನ್ನೋಕೆ ಏನು ಪುರಾವೆ’ ಅಂತಾರೆ. ಎನ್‌ಎಫ್‌ಟಿ (ಚಿತ್ರದ ಹೆಸರಲ್ಲಿ ಆನ್‌ಲೈನ್ ದಾಖಲೆ ಪುಸ್ತಕವೊಂದರಲ್ಲಿ ಬರೆಸುವ ಡಿಜಿಟಲ್ ಟೋಕನ್) ಮಾಡಿಸಿಬಿಡು ಅಂತಾನೆ ಗೆಳೆಯ. ಏನು ಮಾಡಲಿ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಅಂಗಡಿಯವರು ಕೇಳಿದ ಪುರಾವೆ ನಿಮ್ಮ ಟ್ಯಾಬ್‌ನಲ್ಲೇ ಇರಬೇಕು. ಲೇಯರ್‌ಗಳಿರುವ, ಅಂದರೆ ಚಿತ್ರದ ಒಂದೊಂದು ಪದರವೂ ಬೇರೆಬೇರೆ ಇರುವ ಮೂಲ ಫೈಲ್ ತೆರೆಯಿರಿ. ಮುಖದ ಅಡಿಯ ಕಚ್ಚಾ ಗೆರೆ, ಬೇಡವೆಂದು ಮರೆಮಾಡಿದ ಭೂತನಾಥ ಗುಡಿ, ಎರಡು ಸಲ ಬದಲಾಯಿಸಿದ ದಡಿಯ ಬಣ್ಣ, ಇಂಥವು ಏನಾದರೂ ಇದ್ದೇ ಇರುತ್ತವೆ. ಕದ್ದವರ ಹತ್ತಿರ ಈ ಕಸ ಇರುವುದಿಲ್ಲ. ಪ್ರೊಕ್ರಿಯೇಟ್ ಎಂಬ ಚಿತ್ರ ಬಿಡಿಸುವ ಆ್ಯಪ್ ಬಳಸುತ್ತಿದ್ದರೆ ಚಿತ್ರ ಬಿಡಿಸಿದ ಟೈಮ್‌ಲ್ಯಾಪ್ಸ್ ವಿಡಿಯೊ ಕೂಡ ಸಿಗಬಹುದು, ನೋಡಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಸೆರಗಿನ ಟೋಪ್ ತೆನಿ ವಿನ್ಯಾಸವನ್ನು ಜೂಮ್ ಮಾಡಿ. ನಿಮ್ಮ ಫೈಲ್‌ನಲ್ಲಿ ಕೆಂಪಿನ ಮೇಲಿನ ಬಿಳಿ ತೆನೆಯ ಒಂದೊಂದು ಹಲ್ಲನ್ನೂ ಎಣಿಸಬಹುದು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಥರ ಕಳಿಸಿದರೆ ಚಿತ್ರ ಕುಗ್ಗುತ್ತದೆ. ಹಾಗಾಗಿ ಅವರ ಪ್ರತಿಯಲ್ಲಿ ಅದೇ ಜಾಗ ಕಲಸಿಹೋಗಿರುತ್ತದೆ. ಕತ್ತರಿಸಿದ ಮೂಲೆಯೂ ನಿಮ್ಮ ಹತ್ತಿರ ಪೂರ್ತಿ ಇದೆ, ಅಲ್ವಾ?

ಆದರೆ ಫೈಲ್‌ನ ತಾರೀಕನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಅದನ್ನು ಯಾರು ಬೇಕಾದರೂ ತಿದ್ದಬಹುದು. ಮೂಲ ಫೈಲ್‌ನ ಎಸ್‌ಎಚ್‌ಎ-256 ಹ್ಯಾಶ್ (ಫೈಲ್‌ನ ಬೆರಳಚ್ಚು ಇದ್ದಂತೆ) ತೆಗೆದು ನಿಮಗೇ ಇಮೇಲ್ ಮಾಡಿಕೊಳ್ಳಿ. ಅದು 64 ಅಕ್ಷರ-ಅಂಕಿಗಳ ಒಂದು ಸಾಲು. ಫೈಲ್‌ನಲ್ಲಿ ಒಂದು ಚುಕ್ಕೆ ಬದಲಾದರೂ ಸಾಲೇ ಬೇರೆಯಾಗುತ್ತದೆ. ಇವತ್ತು ತೆಗೆದ ಹ್ಯಾಶ್ ಇವತ್ತಿನ ದಿನಕ್ಕೇ ಸಾಕ್ಷಿ, ಹೋದ ವರ್ಷಕ್ಕಲ್ಲ. ಹಳೇ ದಿನಕ್ಕೆ ನೀವು ಗ್ರೂಪಿಗೆ ಹಾಕಿದ ಆ ಮೆಸೇಜೇ ಆಧಾರ, ಡಿಲೀಟ್ ಮಾಡಬೇಡಿ. ಮಾತು ಕೋರ್ಟಿಗೆ ಹೋದರೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 63ನೇ ಕಲಮಿನಂತೆ ಡಿಜಿಟಲ್ ಪುರಾವೆಗೆ ಪ್ರಮಾಣಪತ್ರ ಬೇಕು. ಅದರಲ್ಲೂ ಹ್ಯಾಶ್ ಬರೆಯಬೇಕಾಗುತ್ತದೆ.

ಎನ್‌ಎಫ್‌ಟಿ ಸದ್ಯಕ್ಕೆ ಬೇಡ. 2021ರಲ್ಲಿ ಬೀಪಲ್ ಎಂಬ ಕಲಾವಿದನ ಎನ್‌ಎಫ್‌ಟಿ ಸುಮಾರು 6.9 ಕೋಟಿ ಡಾಲರ್‌ಗೆ ಹೋದ ಮೇಲೆ ಎಲ್ಲರಿಗೂ ಆ ಹುಚ್ಚು ಹಿಡಿಯಿತು. ಇಂಥ ಖಾತೆಯಿಂದ ಇಂಥ ದಿನ ಒಂದು ಟೋಕನ್ ದಾಖಲಾಯಿತು ಎನ್ನುವುದಷ್ಟೇ ಅದು ಹೇಳುತ್ತದೆ. ಚಿತ್ರ ಬಿಡಿಸಿದ್ದು ಯಾರು ಎಂದು ಹೇಳುವುದಿಲ್ಲ. ಆ ಕ್ಯಾಲೆಂಡರಿನವರೇ ನಿಮ್ಮ ಅಜ್ಜಿಯನ್ನು ಎನ್‌ಎಫ್‌ಟಿ ಮಾಡಿದರೂ ಆಗುತ್ತದೆ!

ಎನ್‌ಎಫ್‌ಟಿಗೆ ಹಾಕುವ ದುಡ್ಡಿನಲ್ಲಿ ಕಾಪಿರೈಟ್ ನೋಂದಣಿ ಮಾಡಿಸಿ. 1957ರ ಕಾಯ್ದೆ ಪ್ರಕಾರ ಚಿತ್ರ ಬಿಡಿಸಿದಾಗಲೇ ಹಕ್ಕು ನಿಮ್ಮದು, ನೋಂದಣಿ ಕಡ್ಡಾಯವಲ್ಲ. ಆದರೂ ಮಾಡಿಸಿದ್ದರೆ ಕೋರ್ಟು ಮೊದಲ ನೋಟಕ್ಕೆ ಅದನ್ನು ಪುರಾವೆ ಅಂತ ಒಪ್ಪುತ್ತದೆ. ಚಿತ್ರವೊಂದಕ್ಕೆ ಶುಲ್ಕ 500 ರೂಪಾಯಿ, ಸರಕಿನ ಮೇಲೆ ಬಳಸುವ ಚಿತ್ರವಾದರೆ 2000. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು. ಆಕ್ಷೇಪಣೆಗೆಂದು 30 ದಿನ ಕಾಯಬೇಕು.

ಒಂದು ಮಾತು, ಬೇಜಾರಾಗಬೇಡಿ. ಟೋಪ್ ತೆನಿ ನಿಮ್ಮದಲ್ಲ, ಇಳಕಲ್ ನೇಕಾರರದ್ದು. ಸೆರಗನ್ನು ನೀವು ಬಿಡಿಸಿದ ರೀತಿ ಮಾತ್ರ ನಿಮ್ಮದು. ಬೇರೆಯವರ ಫೋಟೊ ಇಟ್ಟುಕೊಂಡು ಅಜ್ಜಿಯನ್ನು ಬಿಡಿಸಿದ್ದರೆ ವಕೀಲರಿಗೆ ಮೊದಲೇ ಹೇಳಿಬಿಡಿ.

ಕ್ಯಾಲೆಂಡರಿನ ಒಂದು ಪ್ರತಿ ತಂದಿಟ್ಟುಕೊಳ್ಳಿ, ಬಿಟ್ಟಿ ಕೊಟ್ಟರೂ ಪರವಾಗಿಲ್ಲ. ಆಮೇಲೆ ಲೇಯರ್‌ಗಳ ಪ್ರಿಂಟ್ ಜೊತೆ ಅಂಗಡಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಹಾಕಿ. ಮೂಲ ಫೈಲ್ ಮಾತ್ರ ಯಾರಿಗೂ ಕೊಡಬೇಡಿ.