ಸೂಜಿ ಹಾಕ್ಲಾ ಅಂತ ಕೇಳಬೇಡಿ, ಯಾವ ಕೈ ಅಂತ ಕೇಳಿ

ಪ್ರಶ್ನೆ: ಡಾಕ್ಟರೇ, ನಮ್ಮ ಮಗಳಿಗೆ 4 ವರ್ಷ. ಥಲಸ್ಸೇಮಿಯಾ ಅನ್ನೋ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದೆ, 3 ವಾರಕ್ಕೊಮ್ಮೆ ರಕ್ತ ಹಾಕಿಸಬೇಕು. ಈಗೀಗ ಆಸ್ಪತ್ರೆಯ ಗೇಟು ಕಂಡರೆ ಸಾಕು, ಕಿರುಚಾಡುತ್ತಾಳೆ. "ಏನೂ ಮಾಡಲ್ಲ ಬಾ" ಅಂತ ಪುಸಲಾಯಿಸಿ ಕರೆದೊಯ್ಯುತ್ತೇವೆ. ಕೊನೆಗೆ ಮೂವರು ಹಿಡಿದುಕೊಂಡು ಸೂಜಿ ಹಾಕಿಸಬೇಕಾಗುತ್ತದೆ. ಏನು ಮಾಡಲಿ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮೊದಲು ಆ "ಏನೂ ಮಾಡಲ್ಲ" ಬಿಟ್ಟುಬಿಡಿ ತಾಯಿ. ಹಿಂದಿನ ದಿನ ಸಂಜೆ ಇದ್ದದ್ದನ್ನು ಇದ್ದ ಹಾಗೆ ಹೇಳಿ: "ನಾಳೆ ರಕ್ತ ಹಾಕಿಸೋ ದಿನ. ಸೂಜಿ ಚುರ್ ಅನ್ನುತ್ತೆ. ನಾನು ಜೊತೆಗೇ ಇರ್ತೀನಿ." ವಾರ ಮೊದಲೇ ಹೇಳಿದರೆ ಸುಮ್ನೆ ಕೊರಗುತ್ತಾಳೆ.

"ಸೂಜಿ ಹಾಕ್ಲಾ ಪುಟ್ಟಿ?" ಅಂತ ಮಾತ್ರ ಕೇಳಬೇಡಿ. ಬೇಡ ಅಂದರೂ ಹಾಕಿಯೇ ಹಾಕುತ್ತೀರಿ, ಅಲ್ವಾ? ತನ್ನ ಮಾತು ನಡೆಯಲ್ಲ ಅಂತ ಅವಳಿಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ನಿಜವಾಗಿ ಅವಳಿಗೆ ಬಿಡಬಹುದಾದದ್ದನ್ನೇ ಕೇಳಿ. ಯಾವ ಕೈ? ನೋಡ್ತೀಯಾ, ಕಣ್ಣು ಮುಚ್ಕೊಳ್ತೀಯಾ? ಒಂದು-ಎರಡು-ಮೂರು ಎಣಿಸೋದು ನೀನಾ, ಸಿಸ್ಟರಾ? ಕೈ ಕೇಳುವ ಮುಂಚೆ ಸಿಸ್ಟರ್ ಎರಡೂ ಕೈಯ ನರ ನೋಡಿರಲಿ. ಅವಳು ಎಡಗೈ ಅಂದು, ಅಲ್ಲಿ ನರ ಸಿಗದೆ ಬಲಗೈಗೆ ಚುಚ್ಚಿದರೆ ಕೇಳದೇ ಇದ್ದಿದ್ದೇ ವಾಸಿ.

ಮಲಗಿಸಿ ಅದುಮಿ ಹಿಡಿಯುವುದಂತೂ ಬೇಡವೇ ಬೇಡ. ನಿಮ್ಮ ಕಡೆ ಮುಖ ಮಾಡಿ ತೊಡೆಯ ಮೇಲೆ ಕೂರಿಸಿಕೊಂಡು ಎದೆಗೆ ತಬ್ಬಿಕೊಳ್ಳಿ. ಚುಚ್ಚಬೇಕಾದ ಕೈ ನಿಮ್ಮ ಕಂಕುಳಡಿಯಿಂದ ಹಿಂದಕ್ಕೆ ಚಾಚಿರಲಿ, ಸಿಸ್ಟರ್ ಅದೊಂದನ್ನೇ ಹಿಡಿಯಲಿ. ಕೂತ ಮಗು ಮಲಗಿದ ಮಗುವಿನಷ್ಟು ಗಾಬರಿ ಬೀಳುವುದಿಲ್ಲ. ಆಗ ಮಾತಾಡುವವರು ಒಬ್ಬರೇ ಇರಲಿ. ಅವಳಿಗೆ ಒಂದೇ ಕೆಲಸ: ಕೈ ಅಲ್ಲಾಡಿಸದೆ ಇರುವುದು. ಅತ್ತರೆ ಅಳಲಿ, ತಡೆಯಬೇಡಿ. ಚರ್ಮ ಮರಗಟ್ಟಿಸುವ ಕ್ರೀಮನ್ನೂ ಡಾಕ್ಟರ ಹತ್ತಿರ ಕೇಳಿ. ಸಾಮಾನ್ಯವಾಗಿ ಅದನ್ನು 1 ಗಂಟೆ ಮೊದಲೇ ಹಚ್ಚಬೇಕಾಗುತ್ತದೆ.

ಇನ್ನೊಂದು ವಿಷಯ ತುಂಬ ಜನ ಮರೆಯುತ್ತಾರೆ. ರಕ್ತ ಹೋಗುವಷ್ಟು ಹೊತ್ತೂ ಸೂಜಿ ಕೈಯೊಳಗೇ ಇದೆ ಅಂತ ಎಷ್ಟೋ ಮಕ್ಕಳು ಕೈ ಕದಲಿಸದೆ ಹೆದರಿ ಕೂತಿರುತ್ತಾರೆ. ಸಿಸ್ಟರ್ ಆಚೆ ತೆಗೆದ ಸೂಜಿಯನ್ನು ದೂರದಿಂದ ತೋರಿಸಲಿ. "ಒಳಗಿರೋದು ಮೆತ್ತನೆ ಪ್ಲಾಸ್ಟಿಕ್ ಪೈಪು ಅಷ್ಟೇ" ಅಂತ ಹೇಳಿ. ಮನೆಯಲ್ಲಿ ಗೊಂಬೆಗೆ ಇದೇ ಆಟ ಆಡಿಸಿ, ಅಲ್ಲಿ ಅವಳೇ ಸಿಸ್ಟರ್.

ಮುಂದಿನ ಸಲ ಹೋದಾಗ, ಟ್ರೇ ಬರುವ ಮುಂಚೆಯೇ ಸಿಸ್ಟರ್ ಜೊತೆ ಇದನ್ನೆಲ್ಲ ಮಾತಾಡಿಕೊಳ್ಳಿ. ಒಂದೇ ಸಲಕ್ಕೆ ಅಳು ನಿಲ್ಲುವುದಿಲ್ಲ. ಪ್ರತಿ ಸಲವೂ ಇದೇ ಕ್ರಮ ಇರಲಿ, ಮುಂದೇನು ಅಂತ ಅವಳಿಗೆ ಗೊತ್ತಾಗತೊಡಗುತ್ತದೆ.