ಒರೆಗಾನ್ ಹಾದಿಯ ಕತೆ: ದಿನಗಳ ಲೆಕ್ಕ ಎಲ್ಲಿ ತಪ್ಪುತ್ತಿದೆ

ಒರೆಗಾನ್ ಹಾದಿ ಅಂದರೆ ಅಮೆರಿಕದಲ್ಲಿ ವಲಸಿಗರು ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೋದ ದಾರಿ. ನಿಮ್ಮ ಕತೆಯ ಕುಟುಂಬ 1848ರ ಜೂನ್ ಕೊನೆಗೆ ಮಿಸೌರಿಯ ಇಂಡಿಪೆಂಡೆನ್ಸ್ ಊರು ಬಿಟ್ಟು ಎರಡೇ ತಿಂಗಳಲ್ಲಿ ಒರೆಗಾನ್ ಸೇರುತ್ತದೆ. ಓದುಗರು ನಂಬದಿರುವುದು ಇದಕ್ಕೇ. ಬಹುಶಃ ಕುದುರೆಯ ವೇಗ ಹಿಡಿದಿದ್ದೀರಿ. ಹೆಚ್ಚಿನ ಗಾಡಿಗಳನ್ನು ಎಳೆದದ್ದು ಎತ್ತುಗಳು, ದಿನಕ್ಕೆ ಸುಮಾರು 24 ಕಿ.ಮೀ. ದಾರಿ 3,200 ಕಿ.ಮೀ. ಆಸುಪಾಸು, ನಾಲ್ಕರಿಂದ ಆರು ತಿಂಗಳು ಬೇಕೇ ಬೇಕು. ಹೇಸರಗತ್ತೆ ಕಟ್ಟಿದ್ದರೆ ತುಸು ಬೇಗ. ನೀವು ಅದನ್ನು ಬರೆದಿಲ್ಲ.

ಮೊದಲು ಹೊರಡುವ ದಿನವನ್ನು ಏಪ್ರಿಲ್ ಕೊನೆಗೋ ಮೇ ಮೊದಲಿಗೋ ತನ್ನಿ. ಇನ್ನೂ ಮುಂಚೆ ಹೊರಟರೆ ಬಯಲಲ್ಲಿ ಮೇಯಲು ಹುಲ್ಲಿರಲ್ಲ, ತಡವಾದರೆ ಬೆಟ್ಟದಲ್ಲಿ ಹಿಮ. ಆಮೇಲೆ ಜುಲೈ 4ರ ಹೊತ್ತಿಗೆ ದಾರಿ ನಡುವಿನ ಇಂಡಿಪೆಂಡೆನ್ಸ್ ರಾಕ್ ಎಂಬ ದೊಡ್ಡ ಬಂಡೆ ಮುಟ್ಟಿಸಿ. ಆ ಬಂಡೆಯ ಮೇಲೆ ಸಾವಿರಾರು ಜನ ಹೆಸರು ಕೆತ್ತಿ ಹೋಗಿದ್ದಾರೆ, ನಿಮ್ಮ ಹುಡುಗನೂ ಕೆತ್ತಲಿ. ಉಳಿದ ದಿನಾಂಕಗಳನ್ನು ಅಲ್ಲಿಂದ ಹಿಂದೆ ಮುಂದೆ ಎಣಿಸಿಕೊಳ್ಳಿ. ಕೊನೆಗೆ, ಕಾಯಿಲೆಯವರನ್ನು ಬಿಟ್ಟು ಎಲ್ಲರನ್ನೂ ಗಾಡಿಯಿಂದ ಇಳಿಸಿ ನಡೆಸಿ; ಗಾಡಿ ತುಂಬ ಇದ್ದದ್ದು ಹಿಟ್ಟು, ಹಂದಿಮಾಂಸ, ಕಾಫಿಬೀಜ.